ಸಿನಿಮಾ ಐತಿ, ಹೊತ್ತು ತರೋರು ಬೇಕು

(ಗಡಹಿಂಗ್ಲಜದಲ್ಲಿ ಸೇರಿದ್ದ ಗಡಿನಾಡಿನ ಕನ್ನಡ ಯುವಕ-ಯುವತಿಯರ ಮುಂದೆ ಆಡಿದ ಮಾತಿನ ಬರಹರೂಪ)



ಕೊಲ್ಹಾಪುರದಿಂದ, ಇಚಲಕರಂಜಿಯಿಂದ ಬಸ್ ಹಿಡಿದು ಬಂದವರಿಗೆ, ಇಲ್ಲೇ ಗಡಹಿಂಗ್ಲಜದ ಸುತ್ತಲಿನ ಹಳ್ಳಿಗಳಿಂದ ಬೈಕ್ ಮ್ಯಾಲ ಬಂದವರಿಗೆ, ಮನ್ಯಾಗ "ಕನ್ನಡದ ಕಾರ್ಯಕ್ರಮ ಐತಿ" ಅಂತ ಹೇಳಿ ಬಂದವರಿಗೆ, ಏನೂ ಹೇಳದೇ ಬಂದವರಿಗೂ ಶರಣು.

ನಾವು ಮಾಡೋ ಕೆಲಸ ಏನಂತ ಮೊದಲು ಹೇಳಿಬಿಡ್ತೇವಿ. ನಾವು ಸಿನಿಮಾ ತೆಗೆಯೋರಲ್ಲ, ಅದರಾಗ ಪಾರ್ಟು ಮಾಡೋರೂ ಅಲ್ಲ. ನಾವು ಕಿರುಚಿತ್ರಗಳನ್ನು ಹಂಚೋರು. ಡಿಸ್ಟ್ರಿಬ್ಯೂಟರ್ ಅಂದಕೂಡಲೇ ನಿಮ್ಮ ಕಣ್ಣ ಮುಂದ ದೊಡ್ಡ ಕಾರು, ಕೈ ತುಂಬ ಉಂಗುರ ಬಂದಿರಬೇಕು. ಹಂಗೇನಿಲ್ಲ. ನಮ್ಮ ಕಚೇರಿ ಅಂದ್ರ ಒಂದು ಲ್ಯಾಪ್‌ಟಾಪ್, ಎರಡು ಹಾರ್ಡ್ ಡಿಸ್ಕ್, ಒಂದು ಹಳೇ ಪ್ರೊಜೆಕ್ಟರ್. ಹತ್ತು ನಿಮಿಷದ್ದು, ಇಪ್ಪತ್ತು ನಿಮಿಷದ್ದು, ಹೆಚ್ಚಂದ್ರ ನಲವತ್ತು ನಿಮಿಷದ ಚಿತ್ರಗಳನ್ನು ತೆಗೆದವರ ಹತ್ತಿರ ತೋರಿಸೋ ಹಕ್ಕು ಕೇಳಿ ಪಡೆಯೋದು, ಅವನ್ನ ನೋಡೋರ ತನಕ ಮುಟ್ಟಿಸೋದು, ಇದು ಕೆಲಸ.

ಮೊನ್ನೆ ನಾವು ಮುಂಬೈಗೆ ಹೋಗಿದ್ವಿ. ಎಲ್‌ಜಿಬಿಟಿ ಜನರ ಬದುಕಿನ ಕಿರುಚಿತ್ರಗಳನ್ನು ತೋರಿಸೋ ಚಿತ್ರೋತ್ಸವಕ್ಕ, ವಿತರಕರಾಗಿ. ಅಲ್ಲಿ ಏನು ನೋಡಿದ್ವಿ, ಅಲ್ಲಿಂದ ಇಲ್ಲಿಗೆ ಏನು ತರಬಹುದು, ಯಾಕ ತರಬೇಕು, ಇವತ್ತಿನ ಮಾತು ಇಷ್ಟೇ.

"ಕನ್ನಡದ ವೇದಿಕೆ ಮ್ಯಾಲ ಈ ವಿಷಯ ಯಾಕ್ರಿ?" ಅಂತ ನಿಮ್ಮಾಗಿನ ಇಬ್ಬರು ಮೂವರು ಫೋನ್ ಮಾಡಿ ಕೇಳಿದ್ರು. ಕೇಳಿದ್ದು ಛಲೋ ಆತು. ಅಲ್ಲಿಂದಲೇ ಶುರು ಮಾಡೋಣ.

ನಾವು ನೀವು ಭಾಷಾ ಅಲ್ಪಸಂಖ್ಯಾತರು. ಹೆಣ್ಣನ್ನ ಪ್ರೀತಿಸೋ ಹೆಣ್ಣು, ಗಂಡನ್ನ ಪ್ರೀತಿಸೋ ಗಂಡು, ಇಬ್ಬರ ಕಡೆಗೂ ಮನಸ್ಸು ಹರಿಯೋರು, ಹುಟ್ಟಿದಾಗ ಊರು ಬರೆದಿಟ್ಟ ಲಿಂಗ ತಮ್ಮದಲ್ಲ ಅನ್ನೋರು, ಇವರೆಲ್ಲರಿಗೂ ಕನ್ನಡದ ಪತ್ರಿಕೆಗಳು ಬಳಸೋ ಪದ "ಲೈಂಗಿಕ ಅಲ್ಪಸಂಖ್ಯಾತರು". ಪದದ ಅರ್ಧ ಭಾಗ ಒಂದೇ. ಆದ್ರ ಫರಕು ದೊಡ್ಡದೈತಿ. ನಾವು ಎಷ್ಟೇ ಕಡಿಮೆ ಇದ್ರೂ ಮನಿಯೊಳಗ ಒಂಟಿ ಅಲ್ಲ. ಸಾಲ್ಯಾಗ ಮರಾಠಿ, ಕಚೇರ್ಯಾಗ ಮರಾಠಿ, ಪ್ಯಾಟ್ಯಾಗ ಮರಾಠಿ ಮಾತಾಡಿ ಸಂಜಿಕ ಮನಿಗೆ ಬಂದ್ರ ಅವ್ವ "ಕೈಕಾಲು ತೊಳಕೊಂಡು ಉಣ್ಣಾಕ ಬಾ" ಅಂತ ಕನ್ನಡದಾಗ ಕರೀತಾಳ. ಅಲ್ಲಿಗೆ ದಿನದ ದಣಿವು ಇಳೀತೈತಿ. ಅವರ ಕಥೆ ತಿರುಗುಮುರುಗು. ಅವರು ಮೊದಲು ಒಂಟಿ ಆಗೋದೇ ಮನಿಯೊಳಗ. ಅವ್ವ, ಅಪ್ಪ, ಅಣ್ಣ, ಅಕ್ಕ ಯಾರೂ ಅವರಂಗ ಇಲ್ಲ. ತನ್ನಂಗ ಇನ್ನೊಬ್ಬರು ಈ ಭೂಮಿ ಮ್ಯಾಲ ಅದಾರ ಅನ್ನೋದು ಎಷ್ಟೋ ಮಂದಿಗೆ ಮೊದಲ ಸಲ ಗೊತ್ತಾಗೋದು ಒಂದು ಸಿನಿಮಾದಿಂದ, ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಇಯರ್‌ಫೋನ್ ಹಾಕ್ಕೊಂಡು ನೋಡಿದ ಹನ್ನೆರಡು ನಿಮಿಷದ ಸಿನಿಮಾದಿಂದ.

ಆ ಹನ್ನೆರಡು ನಿಮಿಷ ಇಂಗ್ಲಿಷಿನ್ಯಾಗ ಇದ್ರ ಏನಾಗ್ತೈತಿ? ಅವನಿಗೋ ಅವಳಿಗೋ ಅನಿಸೋದು ಇಷ್ಟು: ನನ್ನಂಥವರು ಅದಾರ, ಆದ್ರ ಇಂಗ್ಲಿಷ್ ಮಾತಾಡೋ ಊರಾಗ ಅದಾರ. ತನ್ನ ಬಗ್ಗೆ ಕನ್ನಡದಾಗ ಗೊತ್ತಿರೋದು ಬೈಗುಳ ಮಾತ್ರ. ಹೆಣ್ಣಿಗ, ಅದು ಇದು, ನಿಮಗ ಗೊತ್ತಿರೋವೇ. ಹಂಗಾದ ಮ್ಯಾಲ ಆ ಹುಡುಗ ಕನ್ನಡವನ್ನ ಯಾಕ ಪ್ರೀತಿಸಬೇಕು? ಕನ್ನಡ ಉಳಿಯಬೇಕು ಅಂತ ನಾವು ಹೇಳೋದು ನಿಜ ಆದ್ರ, ಒಬ್ಬ ಮನುಷ್ಯ ತನ್ನ ಬದುಕಿನ ಎಲ್ಲಕ್ಕಿಂತ ಕಠಿಣ ಮಾತನ್ನ ಕನ್ನಡದಾಗ ಹೇಳೋವಂಗ ಇರಬೇಕು. ಇದು ಕನ್ನಡದ ಕೆಲಸ ಅಲ್ದಿದ್ರ ಯಾವುದು ಕನ್ನಡದ ಕೆಲಸ?

ಇನ್ನೊಂದು ಮಾತು ಬರ್ತೈತಿ, "ಇದು ಹೊರದೇಶದ ಗಾಳಿ." ಹೌದೇನ್ರಿ? ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ಹೋಗದ ಮನಿ ನಮ್ಮ ಭಾಗದಾಗ ಎಷ್ಟು ಅದಾವ? ಮಾರ್ಗಶಿರ ಹುಣ್ಣಿಮೆಗೆ ಕೊಲ್ಹಾಪುರದಿಂದ ಬಸ್ಸು ತುಂಬಿ ಹೋಗ್ತಾವ. ಆ ಗುಡ್ಡದಾಗ ಸೀರೆ ಉಟ್ಟು, ತಲಿ ಮ್ಯಾಲ ಕೊಡ ಹೊತ್ತು, ಚೌಡಕಿ ಬಾರಿಸೋ ಜೋಗಪ್ಪಗಳನ್ನ ನಮ್ಮ ಅಜ್ಜಿ ಕೈ ಮುಗಿದು ಮಾತಾಡಿಸ್ಯಾಳ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಈ ಜನ ನಮ್ಮ ಮಣ್ಣಿನವರೇ. ಆದ್ರ ಒಂದು ಕಪಟ ನಮ್ಮಲ್ಲಿ ಐತಿ. ಗುಡ್ಡದ ಮ್ಯಾಲ ಕೈ ಮುಗೀತೇವಿ, ಗುಡ್ಡ ಇಳಿದ ಮ್ಯಾಲ ಬಾಡಿಗೆ ಮನಿ ಕೊಡಂಗಿಲ್ಲ. ಬಯಲಾಟದಾಗ ಹುಡುಗ ಹೆಣ್ಣು ವೇಷ ಹಾಕಿ ಕುಣಿದ್ರ ಚಪ್ಪಾಳೆ, ಬೆಳಗಾದ ಮ್ಯಾಲೂ ಅವನ ನಡಿಗೆ ಹಂಗೇ ಇದ್ರ ಚಾಳಿಸೋದು.

ಕಾನೂನು ಬದಲಾಗೇತಿ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ನಾನು ಗಂಡೋ ಹೆಣ್ಣೋ ಎರಡೂ ಅಲ್ಲವೋ ಅನ್ನೋದನ್ನ ನಾನೇ ಹೇಳಿಕೊಳ್ಳೋ ಹಕ್ಕನ್ನು ಒಪ್ಪಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಸಿಗೆ ಬಂದ ಇಬ್ಬರು ಒಪ್ಪಿಗೆಯಿಂದ ಕೂಡಿದರೆ 377ನೇ ಕಲಮಿನ ಅಡಿ ಅದು ಅಪರಾಧ ಅಲ್ಲ ಅಂತ ಹೇಳಿತು. ತೀರ್ಪು ದಿಲ್ಲಿಯಿಂದ ಒಂದೇ ದಿನದಾಗ ಬಂತು. ತೀರ್ಪಿನ ಹಿಂದಿನ ಮನುಷ್ಯರ ಕಥೆ ಇನ್ನೂ ನಮ್ಮ ತಾಲೂಕು ಮುಟ್ಟಿಲ್ಲ. ಯಾಕ ಮುಟ್ಟಿಲ್ಲ ಅನ್ನೋದು ತಿಳೀಬೇಕಂದ್ರ ಸಿನಿಮಾ ಊರಿಂದ ಊರಿಗೆ ಹೆಂಗ ಹೋಗ್ತೈತಿ ಅಂತ ತಿಳೀಬೇಕು.

ಒಂದು ಪ್ರಶ್ನೆ ಕೇಳ್ತೇವಿ. ಕನ್ನಡದ ಮೊದಲ ಮಾತಾಡುವ ಸಿನಿಮಾ "ಸತಿ ಸುಲೋಚನಾ" ತಯಾರಾದದ್ದು ಎಲ್ಲಿ? ಬೆಂಗಳೂರಾಗ ಅಲ್ಲ, ಮೈಸೂರಾಗ ಅಲ್ಲ. ಕೊಲ್ಹಾಪುರದಾಗ, ಛತ್ರಪತಿ ಸಿನಿಟೋನ್ ಸ್ಟುಡಿಯೋದಾಗ. ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ ದುಡ್ಡು ಹಾಕಿದರು, ವೈ.ವಿ. ರಾವ್ ನಿರ್ದೇಶಿಸಿದರು, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಕೊಲ್ಹಾಪುರಕ್ಕೆ ಬಂದು ನಟಿಸಿದರು. ಆಗ ಕೊಲ್ಹಾಪುರ ಅಂದ್ರ ಸಿನಿಮಾದ ಊರು. ಬಾಬುರಾವ್ ಪೇಂಟರ್ ಅವರ ಊರು, 1929ರಲ್ಲಿ ಪ್ರಭಾತ್ ಕಂಪನಿ ಹುಟ್ಟಿದ ಊರು. 1934ರ ಮಾರ್ಚ್ 3ಕ್ಕೆ ಸತಿ ಸುಲೋಚನಾ ಬೆಂಗಳೂರಿನಲ್ಲಿ ತೆರೆ ಕಂಡಿತು. ಇಲ್ಲಿ ತಯಾರಾದ ಕನ್ನಡವನ್ನ ಯಾರೋ ಡಬ್ಬಿಯೊಳಗ ಹಾಕಿ ಅಲ್ಲಿಗೆ ಹೊತ್ತು ಒಯ್ದಿದ್ದಕ್ಕೇ ಕನ್ನಡ ಜನ ಅದನ್ನ ಕೇಳಿದ್ರು. ಸಿನಿಮಾ ತೆಗೆದವರ ಹೆಸರು ಪುಸ್ತಕದಾಗ ಇರ್ತೈತಿ. ಹೊತ್ತವರ ಹೆಸರು ಇರಂಗಿಲ್ಲ. ಆದ್ರ ಹೊರೋರು ಇಲ್ದಿದ್ರ ಸಿನಿಮಾ ಡಬ್ಬ್ಯಾಗೇ ಸಾಯ್ತೈತಿ.

ಈಗ ಮುಂಬೈ ಚಿತ್ರೋತ್ಸವದ ವಿಷಯಕ್ಕ ಬರೋಣ.

ಮುಂಬೈಯಾಗ 2010ರಿಂದ "ಕಶಿಶ್" ಅನ್ನೋ ಚಿತ್ರೋತ್ಸವ ನಡೆಸಿಕೊಂಡು ಬಂದವರು ಶ್ರೀಧರ್ ರಂಗಾಯನ್. ಹುಟ್ಟಿದ್ದು ಮಂಡ್ಯದಾಗ, ನಮ್ಮವರೇ. ಅವರು 2003ರಲ್ಲಿ "ಗುಲಾಬಿ ಆಯಿನಾ" ಅಂತ ಒಂದು ಚಿಕ್ಕ ಚಿತ್ರ ತೆಗೆದರು. ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಡಲಿಲ್ಲ. ಚಿತ್ರ ದೇಶ ದೇಶದ ಉತ್ಸವಗಳಲ್ಲಿ ಓಡಾಡಿತು, ತನ್ನ ಊರಿನ ಟಾಕೀಸಿಗೆ ಮಾತ್ರ ಬರಲಿಲ್ಲ. ಬಾಗಿಲು ಮುಚ್ಚಿದ್ದನ್ನ ನೋಡಿ ಅವರು ಸುಮ್ಮನ ಕೂಡಲಿಲ್ಲ. ಬ್ಯಾರೆಯವರ ಚಿತ್ರಗಳಿಗೂ ಬಾಗಿಲು ಆಗೋವಂಥ ಉತ್ಸವ ಕಟ್ಟಿದರು. ಬೆಂಗಳೂರಾಗೂ ಕಾರ್ಯಕರ್ತರೇ ಸೇರಿ ನಡೆಸೋ ಕ್ವಿಯರ್ ಚಿತ್ರೋತ್ಸವ ಐತಿ.

ಇಲ್ಲಿ ಒಂದು ನಿಯಮ ತಿಳಕೋರಿ. ನಮ್ಮ ದೇಶದಾಗ ಸಾರ್ವಜನಿಕವಾಗಿ ಸಿನಿಮಾ ತೋರಿಸಬೇಕಂದ್ರ ಸೆನ್ಸಾರ್ ಪ್ರಮಾಣಪತ್ರ ಬೇಕು. ಚಿತ್ರೋತ್ಸವಗಳು ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಅರ್ಜಿ ಹಾಕಿ ವಿನಾಯಿತಿ ತಗೋತಾವ. ಆ ವಿನಾಯಿತಿ ಆ ಉತ್ಸವಕ್ಕ ಮಾತ್ರ. ಉತ್ಸವ ಮುಗೀತು, ವಿನಾಯಿತಿ ಮುಗೀತು. ಕಿರುಚಿತ್ರ ತೆಗೆಯೋ ಹುಡುಗನ ಹತ್ತಿರ ಪ್ರಮಾಣಪತ್ರಕ್ಕ ಓಡಾಡಾಕ ರೊಕ್ಕ ಇಲ್ಲ, ವ್ಯಾಳ್ಯಾ ಇಲ್ಲ. ಹಿಂಗಾಗಿ ಎಷ್ಟೋ ಒಳ್ಳೇ ಚಿತ್ರಗಳು ಉತ್ಸವದಿಂದ ಉತ್ಸವಕ್ಕ ಹಾರತಾವ, ನಡುವಿನ ಊರುಗಳಾಗ ಇಳಿಯಂಗಿಲ್ಲ. ಇಚಲಕರಂಜಿ, ಗಡಹಿಂಗ್ಲಜ ಆ ನಡುವಿನ ಊರುಗಳು.

ಅಲ್ಲಿ ವಿತರಕರು ಏನು ಮಾಡ್ತಾರ? ಆರೇಳು ಕಿರುಚಿತ್ರ ಸೇರಿಸಿ ಒಂದೂವರೆ ತಾಸಿನ ಒಂದು ಕಂತು ಮಾಡಿರ್ತಾರ. ನಾವು ಹಿಂದಿನ ಸಾಲಿನ್ಯಾಗ ಕೂತು ಪರದೆ ಅರ್ಧ, ಜನರನ್ನ ಅರ್ಧ ನೋಡ್ತೇವಿ. ಎಲ್ಲಿ ನಕ್ಕರು, ಎಲ್ಲಿ ಯಾರೂ ಕೆಮ್ಮಲಿಲ್ಲ, ಎಲ್ಲಿ ಮೊಬೈಲ್ ತೆಗೆದರು ಅಂತ ಬರಕೋತೇವಿ. ಆಮ್ಯಾಲ ನಿರ್ದೇಶಕರನ್ನ ಹಿಡಿದು ನಾಲ್ಕು ಪ್ರಶ್ನೆ ಕೇಳ್ತೇವಿ.

ಒಂದು, ಹಕ್ಕು ಯಾರದು? ಪುಣೆಯ ಎಫ್‌ಟಿಐಐನಂಥ ಸಂಸ್ಥೆಯೊಳಗ ವಿದ್ಯಾರ್ಥಿ ಆಗಿದ್ದಾಗ ತೆಗೆದ ಚಿತ್ರದ ಹಕ್ಕು ಸಂಸ್ಥೆ ಹತ್ತಿರ ಇರ್ತೈತಿ, ಹುಡುಗನ ಹತ್ತಿರ ಇರಂಗಿಲ್ಲ.

ಎರಡು, ಹಾಡಿಗೆ ಅನುಮತಿ ಐತೇನು? ಹಿನ್ನೆಲ್ಯಾಗ ರೇಡಿಯೋದಾಗ ಒಂದು ಹಳೇ ಸಿನಿಮಾ ಹಾಡು ಬಂದ್ರೂ ಅದರ ಹಕ್ಕು ಬ್ಯಾರೆಯವರದು. ಚಿತ್ರ ಎಷ್ಟೇ ಛಲೋ ಇದ್ರೂ ಆ ಮೂವತ್ತು ಸೆಕೆಂಡಿನ ಹಾಡು ಅದನ್ನ ನಿಲ್ಲಿಸಿಬಿಡ್ತೈತಿ. ನಿಮ್ಮಾಗ ಸಿನಿಮಾ ತೆಗೆಯೋ ಆಸೆ ಇದ್ದವರು ಇದನ್ನ ನೆನಪಿಡ್ರಿ.

ಮೂರು, ಮಾತಿನ ಪಟ್ಟಿ, ಅಂದ್ರ ಯಾವ ಸೆಕೆಂಡಿಗೆ ಯಾರು ಏನು ಹೇಳಿದರು ಅನ್ನೋ ಸಬ್‌ಟೈಟಲ್ ಕಡತ, ಬ್ಯಾರೆ ಇಟ್ಟೀರೇನು? ಅದು ಇದ್ರ ಇಂಗ್ಲಿಷ್ ತೆಗೆದು ಕನ್ನಡ ಕೂಡಿಸಬಹುದು. ಇಂಗ್ಲಿಷ್ ಅಕ್ಷರ ಚಿತ್ರದ ಮ್ಯಾಲೇ ಅಚ್ಚಾಗಿ ಕೂತಿದ್ರ ಕಷ್ಟ.

ನಾಲ್ಕನೇದು ಎಲ್ಲಕ್ಕಿಂತ ಭಾರ: ಚಿತ್ರದಾಗ ಮುಖ ತೋರಿಸಿದವರು ಎಲ್ಲಿ ತೋರಿಸಾಕ ಒಪ್ಪ್ಯಾರ?

ಈ ನಾಲ್ಕನೇ ಪ್ರಶ್ನೆಗೆ ಬಂದ ಒಂದು ಉತ್ತರ ನಿಮಗ ಹೇಳಬೇಕು. ಒಂದು ಸಾಕ್ಷ್ಯಚಿತ್ರ. ಹೆಸರು ಹೇಳಂಗಿಲ್ಲ, ಯಾಕಂತ ಈಗ ಗೊತ್ತಾಗ್ತೈತಿ. ಅದರಾಗ ನಮ್ಮ ಗಡಿ ಕಡೆಯವರೊಬ್ಬರು ಮಾತಾಡ್ತಾರ. ಮುಂಬೈಯ ಆ ಕತ್ತಲ ಕೋಣ್ಯಾಗ ಇದ್ದಕ್ಕಿದ್ದಂಗ ನಮ್ಮ ಕನ್ನಡ ಕೇಳಿತು. ಬೆಂಗಳೂರಿನ ಧಾರಾವಾಹಿ ಕನ್ನಡ ಅಲ್ಲ, ನಡುನಡುವೆ ಮರಾಠಿ ಬೆರೆತ ನಮ್ಮ ಮನಿ ಕನ್ನಡ. ತಾನು ಯಾರು, ಯಾರನ್ನ ಪ್ರೀತಿಸಿದ್ದು, ಅವ್ವಗ ಏನು ಹೇಳಬೇಕಂತಿದ್ದು ಹೇಳಲಿಲ್ಲ, ಎಲ್ಲಾ ಆ ಭಾಷ್ಯಾಗ. ಒಂದು ಪಾರಿಭಾಷಿಕ ಪದ ಇಲ್ಲ, ಒಂದು ಇಂಗ್ಲಿಷ್ ಪದ ಇಲ್ಲ. ಇಷ್ಟು ಮಾತು ಕನ್ನಡದಾಗ ಆಡಬಹುದು ಅಂತ ನಮಗ ಅವತ್ತು ಗೊತ್ತಾತು.

ಚಿತ್ರ ಮುಗಿದ ಮ್ಯಾಲ ಹಕ್ಕು ಕೇಳಿದ್ವಿ. ನಿರ್ದೇಶಕರು ಹೇಳಿದ್ರು: "ಅವರು ಸಹಿ ಮಾಡಿ ಕೊಟ್ಟಾರ. ಮುಂಬೈಯಾಗ ತೋರಿಸ್ರಿ, ಪರದೇಶದಾಗ ತೋರಿಸ್ರಿ. ನಮ್ಮ ಜಿಲ್ಲ್ಯಾಗ, ಪಕ್ಕದ ಜಿಲ್ಲ್ಯಾಗ ಬ್ಯಾಡ."

ಆ ಚಿತ್ರ ನಾವು ತರಲಿಲ್ಲ. ತರೋದೂ ಇಲ್ಲ. ವಿತರಕರ ಮೊದಲ ಧರ್ಮ ಸಿನಿಮಾದ ಕಡೆಗೆ ಅಲ್ಲ, ಸಿನಿಮಾದೊಳಗ ಮುಖ ಕೊಟ್ಟವರ ಕಡೆಗೆ. ಆದ್ರ ಇದರ ಅರ್ಥ ಏನಂತ ನೀವು ವಿಚಾರ ಮಾಡ್ರಿ. ನಮ್ಮ ಕನ್ನಡ ಮುಂಬೈಯಾಗ ಕೇಳಬಹುದು, ನ್ಯೂಯಾರ್ಕಿನ್ಯಾಗ ಕೇಳಬಹುದು, ಅದು ಹುಟ್ಟಿದ ಊರಾಗ ಮಾತ್ರ ಕೇಳಂಗಿಲ್ಲ. ನಮ್ಮ ಭಾಷೆಗೆ ಸರಕಾರದಿಂದ ತೊಂದರೆ, ಸಾಲಿಯಿಂದ ತೊಂದರೆ ಅಂತ ನಾವು ಮಾತಾಡ್ತೇವಿ. ಇಲ್ಲಿ ಆ ಮಾತನ್ನ ಹೊರಗ ಹಾಕಿದವರು ಯಾರು? ಯಾವ ಸರಕಾರವೂ ಅಲ್ಲ. ನಾವೇ, ನಮ್ಮ ಕಟ್ಟಿ ಮ್ಯಾಲಿನ ಹರಟಿ, ನಮ್ಮ ನಗು.

ಹಂಗಾದ್ರ ನಮ್ಮ ಭಾಗಕ್ಕ ಏನು ತರಬಹುದು? ಬೇಕಾದಷ್ಟು ಐತಿ.

ಎರಡು ದೊಡ್ಡ ಚಿತ್ರಗಳಿಂದ ಶುರು ಮಾಡ್ರಿ, ಎರಡೂ ಟಾಕೀಸಿಗೆ ಬಂದ ಚಿತ್ರಗಳು. 2009ರ ಮರಾಠಿ "ಜೋಗವಾ", ರಾಜೀವ್ ಪಾಟೀಲ್ ನಿರ್ದೇಶನ. ಅದರ ಬೇರು ಗಡಹಿಂಗ್ಲಜ ಭಾಗದ ಬದುಕನ್ನ ಬರೆದ ರಾಜನ್ ಗವಸ್ ಅವರ ಕಾದಂಬರಿಗಳಲ್ಲಿ, "ಚೌಂಡಕಂ", "ಭಂಡಾರಭೋಗ"ದಲ್ಲಿ ಐತಿ. ಇನ್ನೊಂದು 2015ರ ಕನ್ನಡದ "ನಾನು ಅವನಲ್ಲ... ಅವಳು", ಬಿ.ಎಸ್. ಲಿಂಗದೇವರು ನಿರ್ದೇಶನ, ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧಾರ. ಜೋಗವಾದ ಉಪೇಂದ್ರ ಲಿಮಯೆ, ಕನ್ನಡದ ಸಂಚಾರಿ ವಿಜಯ್, ಇಬ್ಬರಿಗೂ ಈ ಪಾತ್ರಗಳಿಗೇ ಶ್ರೇಷ್ಠ ನಟ ರಾಷ್ಟ್ರೀಯ ಪ್ರಶಸ್ತಿ ಬಂತು. ಎರಡನ್ನೂ ಒಂದರ ಬೆನ್ನಿಗೆ ಒಂದು ನೋಡಿದ್ರ ಒಂದು ಸಂಗತಿ ಹೊಳೀತೈತಿ. ಜೋಗವಾದ ಗಂಡಸಿಗೆ ಸೀರೆ ಬ್ಯಾಡ, ಊರು ದೇವರ ಹೆಸರಲ್ಲಿ ಉಡಿಸ್ತೈತಿ. ಕನ್ನಡದ ಚಿತ್ರದವಳಿಗೆ ಸೀರೆ ಬೇಕು, ಊರು ಮರ್ಯಾದೆ ಹೆಸರಲ್ಲಿ ಕಿತ್ತುಕೊಳ್ಳತೈತಿ. ನೋಡಾಕ ಎರಡು ಬ್ಯಾರೆ ಕಥೆ, ಪ್ರಶ್ನೆ ಒಂದೇ: ಈ ಮೈಯ ಬಗ್ಗೆ ತೀರ್ಮಾನ ಮಾಡೋರು ಯಾರು? 1970ರ ದಶಕದಾಗ ದೇವದಾಸಿ ಪದ್ಧತಿ ವಿರುದ್ಧ ಚಳವಳಿ ನಡೆದ ಊರು ಈ ಗಡಹಿಂಗ್ಲಜ. ಈ ಪ್ರಶ್ನೆ ಈ ಊರಿಗೆ ಹೊಸದಲ್ಲ.

ಆಮ್ಯಾಲ ಕಿರುಚಿತ್ರಗಳು. ರೋಹನ್ ಕಾನವಡೆ ಅವರ "ಉ ಉಷಾಚಾ", 2019ರದು. ಹೊಲದಾಗ ಕೂಲಿ ಮಾಡೋ, ಓದು ಬರಹ ಬಾರದ, ಒಬ್ಬಳೇ ಮಕ್ಕಳನ್ನ ಸಾಕೋ ಉಷಾ. ಊರ ಸಾಲಿ ಬಾಯಿ ಕಡೆಗೆ ಅವಳ ಮನಸ್ಸು ಹರೀತೈತಿ, ಅದರ ಜೊತಿಗೇ ಅಕ್ಷರ ಕಲೀಬೇಕು ಅನ್ನೋ ಆಸೆಯೂ ಹುಟ್ಟತೈತಿ. ನಮ್ಮ ಹೊಲ, ನಮ್ಮ ಸಾಲಿ ಇದ್ದಂಗೇ. ಇದೇ ನಿರ್ದೇಶಕರು ಮುಂದ "ಸಾಬರ್ ಬೋಂಡಂ" ತೆಗೆದರು. ಅಪ್ಪ ತೀರಿಕೊಂಡ ಮ್ಯಾಲ ಹತ್ತು ದಿನದ ಸೂತಕಕ್ಕ ಹಳ್ಳಿಗೆ ಬಂದ ಒಬ್ಬ ಗಂಡಸಿನ ಪ್ರೇಮದ ಕಥೆ. 2025ರಲ್ಲಿ ಅಮೆರಿಕದ ಸನ್‌ಡಾನ್ಸ್ ಉತ್ಸವದಾಗ ವಿಶ್ವ ಸಿನಿಮಾ ವಿಭಾಗದ ಗ್ರ್ಯಾಂಡ್ ಜ್ಯೂರಿ ಪ್ರಶಸ್ತಿ ಪಡೀತು, ಅದೇ ವರ್ಷ ನಮ್ಮ ದೇಶದ ಟಾಕೀಸುಗಳಿಗೂ ಬಂತು. ಪ್ರಶಸ್ತಿ ಬಂದದ್ದು ಹಳ್ಳಿಯ ಮರಾಠಿ ಮಾತಿಗೆ. ನಮ್ಮ ಗಡಿ ಕನ್ನಡ ಒರಟು, ಸಿನಿಮಾಕ್ಕ ಆಗಂಗಿಲ್ಲ ಅಂತ ಯಾರಾದ್ರೂ ಅಂದ್ರ ಈ ಹೆಸರು ಹೇಳ್ರಿ.

ಈಗ ನಿಮ್ಮ ಪಾಲಿನ ಕೆಲಸ. ಇಂಥ ಮರಾಠಿ ಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಬರೆಯಾಕ ನಿಮಗಿಂತ ತಕ್ಕವರು ಬೆಂಗಳೂರಾಗ ಸಿಗಂಗಿಲ್ಲ. ನೀವು ಎರಡೂ ಭಾಷೆ ಉಂಡು ಬೆಳೆದವರು. ಎಲ್ಲೆಲ್ಲೋ ಎರಡು ಭಾಷೆ ಭಾರ ಅನಿಸಿರಬಹುದು, ಇಲ್ಲಿ ಅದೇ ಬಂಡವಾಳ. ಕೆಲಸ ಸಣ್ಣದಲ್ಲ. ಎರಡು ಸಾಲಿನ್ಯಾಗ, ಮೂರು ನಾಲ್ಕು ಸೆಕೆಂಡಿನ್ಯಾಗ ಓದಿ ಮುಗಿಯೋವಂಗ ಬರೀಬೇಕು. ಕನ್ನಡದ ಪದ ಉದ್ದ, ಒತ್ತಕ್ಷರ ಕೆಳಗ ಇಳೀತಾವ, ಅಕ್ಷರ ಸಣ್ಣದಾದ್ರ ಹಿಂದಿನ ಸಾಲಿನವರಿಗೆ ಕಾಣಂಗಿಲ್ಲ. ಉಷಾ ಪುಸ್ತಕದ ಕನ್ನಡ ಮಾತಾಡಬಾರದು, ಇಲ್ಲಿನ ಕೂಲಿ ಹೆಣ್ಣುಮಗಳು ಮಾತಾಡೋವಂಗ ಮಾತಾಡಬೇಕು. ಬೈಯೋ ಪಾತ್ರ ಬೈದ್ರ ಬೈಗುಳನ್ನ ಮೆತ್ತಗ ಮಾಡಬ್ಯಾಡ್ರಿ, ಯಾಕಂದ್ರ ಆ ಪೆಟ್ಟು ಎಷ್ಟು ಜೋರು ಅಂತ ನೋಡೋರಿಗೆ ಗೊತ್ತಾಗಬೇಕು. ಆದ್ರ ಒಬ್ಬ ಮನುಷ್ಯ ತನ್ನ ಬಗ್ಗೆ ತಾನು ಹೇಳಿಕೊಳ್ಳೋವಾಗ ಬೈಗುಳದ ಪದ ಅವನ ಬಾಯಾಗ ತುರುಕಬ್ಯಾಡ್ರಿ. ಸಲಿಂಗಿ ಅನ್ನೋ ಪದ ಐತಿ, ಲಿಂಗತ್ವ ಅಲ್ಪಸಂಖ್ಯಾತರು ಅನ್ನೋ ಪದ ಐತಿ. ಅವು ಕೋರ್ಟಿನ ಪದದಂಗ ಅನಿಸಿದ್ರ "ನನಗ ಅವನೇ ಬೇಕು" ಅಂತ ಮೂರೇ ಪದ ಸಾಕು. ಅದಕ್ಕಿಂತ ಶುದ್ಧ ಕನ್ನಡ ಯಾವುದೈತಿ?

ತೋರಿಸೋದು ಹೆಂಗ? ಪ್ರಮಾಣಪತ್ರ ಇರೋ ಚಿತ್ರ ಮೊದಲು ಆರಿಸ್ರಿ. ತೆಗೆದವರ ಅನುಮತಿ ಬರಹದಾಗ ತಗೋರಿ, ಕದ್ದು ಇಳಿಸಿದ ಪ್ರತಿ ಬ್ಯಾಡ. ಕೊಲ್ಹಾಪುರದಾಗ ಫಿಲ್ಮ್ ಸೊಸೈಟಿಯ ಪರಂಪರೆ ಐತಿ, ಅವರಿಂದ ಕಲೀರಿ. ಇಚಲಕರಂಜಿಯಾಗ ಮಗ್ಗದ ಪಾಳಿ ನೋಡಿ ಹೊತ್ತು ಇಡ್ರಿ. ರಾತ್ರಿ ಪಾಳಿಗೆ ಹೋಗೋರಿಗೆ ಸಂಜಿ ಆರಕ್ಕ, ಹಗಲು ಪಾಳಿಯವರಿಗೆ ರಾತ್ರಿ ಒಂಬತ್ತಕ್ಕ. ಆಟ ಮುಗಿದ ಮ್ಯಾಲ ಚಹಾ ಕೊಟ್ಟು ಕೂಡಿಸಿ ಮಾತಾಡ್ರಿ. ಒಂದು ಮಾತು ಮಾತ್ರ ಯಾರನ್ನೂ ಕೇಳಬ್ಯಾಡ್ರಿ: "ನೀನೂ ಹಂಗೇ ಏನು?" ಬಂದವರು ಬಂದಿದ್ದೇ ಸಾಕು. ಯಾರು ಬಂದಿದ್ರು, ಯಾರು ಅತ್ತರು ಅನ್ನೋ ಸುದ್ದಿ ಆ ಕೋಣಿ ದಾಟಬಾರದು. ಫೋಟೋ ತೆಗೆದು ಸ್ಟೇಟಸ್ ಹಾಕೋದು ಬಿಡ್ರಿ. ಪರದೇದ ಫೋಟೋ ಹಾಕ್ರಿ, ಕುರ್ಚ್ಯಾಗ ಕೂತವರದು ಬ್ಯಾಡ.

ಜನ ಬರ್ತಾರೇನು ಅಂತ ಕೇಳ್ತೀರಿ. ಹತ್ತು ಮಂದಿ ಬರ್ತಾರ. ಆ ಹತ್ತರಾಗ ಒಬ್ಬಾಕಿ ಅವ್ವ ಇರ್ತಾಳ, ಮಗನ ಬಗ್ಗೆ ಎಷ್ಟೋ ವರ್ಷದಿಂದ ಅನುಮಾನ ಇಟ್ಟುಕೊಂಡು ಬಾಯಿ ಬಿಡದಾಕಿ. ಅವಳಿಗೆ ಇಂಗ್ಲಿಷ್ ಬರಂಗಿಲ್ಲ, ಮರಾಠಿ ಅರ್ಧ ತಿಳೀತೈತಿ. ಅವಳ ಸಲುವಾಗಿ ಕನ್ನಡ ಬೇಕು. ಮಗ ಮನ್ಯಾಗ ಬಾಯಿ ತೆಗೆದ ದಿವಸ ಅವಳಿಗೆ ತಿರುಗಿ ಹೇಳಾಕ ಒಂದು ಮಾತು ಇರಬೇಕಲ್ಲ, ಅದಕ್ಕ ಬೇಕು.

ಮುಂಬೈಯಾಗ ಮಾತಾಡಿದ ಆ ನಮ್ಮೂರ ಕಡೆಯವರ ಒಪ್ಪಿಗೆ ಪತ್ರ ಇವತ್ತಿಗೂ ಹಂಗೇ ಐತಿ: ನಮ್ಮ ಜಿಲ್ಲ್ಯಾಗ ಬ್ಯಾಡ. ನಮ್ಮ ಕೆಲಸ ಎಷ್ಟು ಆತು ಅಂತ ಅಳೆಯಾಕ ನಮಗ ಬ್ಯಾರೆ ಮಾಪು ಬ್ಯಾಡ. ಒಂದು ದಿವಸ ಅವರಾಗೇ ಫೋನ್ ಮಾಡಿ "ಆತು, ನಮ್ಮೂರಾಗೂ ತೋರಿಸ್ರಿ" ಅಂದ್ರ ಗಡಿನಾಡಿನ್ಯಾಗ ಕನ್ನಡ ಗಟ್ಟಿ ಐತಿ ಅಂತ ತಿಳಕೋತೇವಿ. ಅಲ್ಲಿ ತನಕ ಬ್ಯಾರೆ ಚಿತ್ರಗಳನ್ನ ಹೊತ್ತು ತರ್ತಿರೋಣ. ಹಾರ್ಡ್ ಡಿಸ್ಕು ಹಗುರ ಐತಿ, ಹೊರಾಕ ಕೈ ಬೇಕು ಅಷ್ಟೇ.